ತೆಪ್ಪದ ಮೇಲೆ ಇಬ್ಬರು ಚಕ್ರವರ್ತಿಗಳು ಅಪ್ಪಿಕೊಂಡಿರುವ ಕೆತ್ತನೆ ಚಿತ್ರ: ಟಿಲ್ಸಿಟ್ ಒಪ್ಪಂದ ನಿಜವಾಗಿ ಅಲ್ಲೇ ಆಯ್ತಾ?

ಹಳೇಪುಟ:

ಎಲ್ಲರಿಗೂ ನಮಸ್ಕಾರ. ಹಳೆಯ ಅಚ್ಚಿನ ಚಿತ್ರಗಳನ್ನು ದೊಡ್ಡದು ಮಾಡಿಕೊಂಡು ಸುಮ್ನೆ ನೋಡುತ್ತಾ ಕೂರುವ ಚಟ ನನಗೆ. ಈಚೆಗೆ ಒಂದು ಕಪ್ಪು ಬಿಳುಪು ಕೆತ್ತನೆ ಚಿತ್ರ ಸಿಕ್ಕಿತು. ಅದು ತಲೆ ಕೊರೀತಾ ಇದೆ.

ಅಗಲವಾದ ನದಿ. ಅದರ ನಡುವೆ ಒಂದು ತೆಪ್ಪ, ತೆಪ್ಪದ ಮೇಲೆ ಬಟ್ಟೆಯ ಡೇರೆ, ಅದಕ್ಕೆ ಹೂಮಾಲೆ ಥರ ಅಲಂಕಾರ. ಡೇರೆಯ ಮುಂದೆ ಇಬ್ಬರು ಅಪ್ಪಿಕೊಳ್ಳುತ್ತಿದ್ದಾರೆ. ಒಬ್ಬ ನೆಪೋಲಿಯನ್ ಅಂತ ಟೋಪಿ ನೋಡಿದರೇ ಗೊತ್ತಾಗುತ್ತದೆ. ಇನ್ನೊಬ್ಬ ಎತ್ತರದವನು, ರಷ್ಯಾದ ತ್ಸಾರ್ ಒಂದನೇ ಅಲೆಕ್ಸಾಂಡರ್ ಇರಬೇಕು. ಅಕ್ಕಪಕ್ಕ ದೋಣಿಗಳು, ಹುಟ್ಟು ಎತ್ತಿ ಹಿಡಿದ ಅಂಬಿಗರು, ಎರಡೂ ದಡದಲ್ಲಿ ಸಾಲು ಸಾಲು ಸೈನಿಕರು. ಕೆಳಗೆ ಫ್ರೆಂಚ್‌ನಲ್ಲಿ ಟಿಲ್ಸಿಟ್ (ಆ ನದಿ ದಡದ ಊರು) ಅಂತಲೂ 25 ಜೂನ್ 1807 ಅಂತಲೂ ಇದೆ.

ನನ್ನ ಗೊಂದಲ ಏನಂದ್ರೆ, ಫ್ರಾನ್ಸ್ ಮತ್ತು ರಷ್ಯಾದ ಯುದ್ಧ ನಿಲ್ಲಿಸಿದ ಟಿಲ್ಸಿಟ್ ಒಪ್ಪಂದದ ದಿನಾಂಕ ಹುಡುಕಿದರೆ ಒಂದು ಕಡೆ 7 ಜುಲೈ, ಇನ್ನೊಂದು ಕಡೆ 9 ಜುಲೈ, ಮತ್ತೊಂದು ಕಡೆ 25 ಜೂನ್ ಅಂತಲೇ ಇದೆ. ಹಾಗಾದರೆ ಸಹಿ ತೆಪ್ಪದ ಮೇಲೆ ಆಯ್ತಾ? ಭೂಮಿ ಮೇಲೆ ಅಷ್ಟು ಜಾಗ ಇರುವಾಗ ಇಬ್ಬರು ಚಕ್ರವರ್ತಿಗಳು ನೀರಿನ ನಡುವೆ ಹೋಗಿ ಮಾತಾಡಿದ್ದು ಯಾಕೆ? ಈ ಯುದ್ಧದಲ್ಲಿ ಜರ್ಮನ್ನರ ರಾಜ್ಯ ಪ್ರಶ್ಯಾ ಕೂಡ ರಷ್ಯಾದ ಕಡೆ ಇತ್ತಲ್ವಾ, ಅದರ ರಾಜ ಎಲ್ಲಿ? ಎಷ್ಟು ಹುಡುಕಿದರೂ ಚಿತ್ರದಲ್ಲಿ ಅವನು ಕಾಣಲಿಲ್ಲ.

ಇನ್ನೊಂದು. ಈ ಚಿತ್ರ 1807ರದ್ದೇನಾ ಅಥವಾ ಎಷ್ಟೋ ವರ್ಷ ಆದಮೇಲೆ ಯಾರೋ ಮಾಡಿದ್ದಾ ಅಂತ ತಿಳಿಯೋದು ಹೇಗೆ? ಗೊತ್ತಿದ್ದವರು ಹೇಳಿ.

ಗಡಿಗೆರೆ:

ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ಉದ್ದಕ್ಕೆ ಬರೀತೀನಿ.

ನಿಮ್ಮ ಚಿತ್ರದಲ್ಲಿರುವುದು ಒಪ್ಪಂದ ಅಲ್ಲ. ಒಪ್ಪಂದಕ್ಕೆ ಮುಂಚಿನ ಮೊದಲ ಭೇಟಿ. ತೆಪ್ಪದ ಮೇಲೆ ಯಾರೂ ಶಾಂತಿ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. 25 ಜೂನ್ 1807ರಂದು ಇಬ್ಬರೂ ಅಲ್ಲಿ ಸುಮಾರು ಎರಡು ಗಂಟೆ ಮಾತಾಡಿದರು, ಅಷ್ಟೇ. ಆಮೇಲೆ ಮಾತುಕತೆಯೆಲ್ಲ ಟಿಲ್ಸಿಟ್ ಊರಿನೊಳಗೆ ನಡೆಯಿತು. ಫ್ರಾನ್ಸ್ ಮತ್ತು ರಷ್ಯಾದ ನಡುವಿನ ಒಪ್ಪಂದ 7 ಜುಲೈ, ಫ್ರಾನ್ಸ್ ಮತ್ತು ಪ್ರಶ್ಯಾದ ನಡುವಿನದು 9 ಜುಲೈ. ಎರಡು ಬೇರೆ ಬೇರೆ ಒಪ್ಪಂದ. ಫ್ರಾನ್ಸಿನ ಪರವಾಗಿ ಸಹಿ ಹಾಕಿದವನು ವಿದೇಶಾಂಗ ಮಂತ್ರಿ ತಾಲೇರಾಂ. ರಷ್ಯಾದ ಪರವಾಗಿ ಕುರಾಕಿನ್ ಮತ್ತು ಲೊಬಾನೊವ್ ರೊಸ್ತೊವ್‌ಸ್ಕಿ. ಚಕ್ರವರ್ತಿಗಳು ಕುದುರೆ ಸವಾರಿ, ಕವಾಯತು, ಊಟ ಅಂತ ಒಟ್ಟಿಗೆ ಓಡಾಡಿಕೊಂಡಿದ್ದರು, ಕಾಗದದ ಕೆಲಸ ಮಂತ್ರಿಗಳದ್ದು.

ನದಿ ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1806ರ ಅಕ್ಟೋಬರ್ 14ರಂದು ಯೇನಾ ಮತ್ತು ಔಅರ್‌ಸ್ಟೆಟ್‌ನಲ್ಲಿ ಪ್ರಶ್ಯಾದ ಸೈನ್ಯ ಒಂದೇ ದಿನದಲ್ಲಿ ನುಚ್ಚುನೂರಾಯಿತು. ನೆಪೋಲಿಯನ್ ಬರ್ಲಿನ್ ಸೇರಿದ, ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಹೆಂಡತಿ ಮಕ್ಕಳ ಜೊತೆ ಪೂರ್ವಕ್ಕೆ ಓಡಿದ. ಉಳಿದ ಯುದ್ಧ ನಡೆಸಿದ್ದು ಹೆಚ್ಚಾಗಿ ರಷ್ಯನ್ನರೇ. 1807ರ ಫೆಬ್ರವರಿಯಲ್ಲಿ ಐಲಾವ್‌ನ ಹಿಮದಲ್ಲಿ ಎರಡೂ ಕಡೆ ಸಾವಿರಾರು ಜನ ಸತ್ತರು, ಗೆದ್ದವರು ಯಾರು ಅಂತ ತೀರ್ಮಾನ ಆಗಲಿಲ್ಲ. ಜೂನ್ 14ಕ್ಕೆ ಫ್ರೀಡ್‌ಲ್ಯಾಂಡ್‌ನಲ್ಲಿ ತೀರ್ಮಾನ ಆಯಿತು. ರಷ್ಯಾದ ಸೇನಾಪತಿ ಬೆನ್ನಿಗ್‌ಸನ್ ಬೆನ್ನ ಹಿಂದೆ ಆಲೆ ನದಿ ಇಟ್ಟುಕೊಂಡು ನಿಂತ. ಸೋತ ಮೇಲೆ ಹಿಂದೆ ಸರಿಯಲು ದಾರಿಯೇ ಇರಲಿಲ್ಲ, ಎಷ್ಟೋ ಜನ ಆ ನೀರಲ್ಲೇ ಮುಳುಗಿ ಸತ್ತರು.

ಅಳಿದುಳಿದ ಸೈನ್ಯ ಟಿಲ್ಸಿಟ್‌ನಲ್ಲಿ ನೇಮನ್ ನದಿ ದಾಟಿ ಸೇತುವೆಗೆ ಬೆಂಕಿ ಇಟ್ಟಿತು. ಈಗ ಈ ದಡದಲ್ಲಿ ಫ್ರೆಂಚರು, ಆ ದಡದಲ್ಲಿ ರಷ್ಯನ್ನರು. ಅಲೆಕ್ಸಾಂಡರ್ ಕದನವಿರಾಮ ಕೇಳಿದ. ನೆಪೋಲಿಯನ್‌ಗೂ ಅದೇ ಬೇಕಿತ್ತು, ಪ್ಯಾರಿಸ್‌ನಿಂದ ಅಷ್ಟು ದೂರ ಬಂದು ರಷ್ಯಾದ ಒಳಗೆ ನುಗ್ಗುವ ಮನಸ್ಸು ಆಗ ಅವನಿಗಿರಲಿಲ್ಲ. ಆದರೆ ಭೇಟಿ ಯಾರ ದಡದಲ್ಲಿ? ತ್ಸಾರ್ ಈಚೆ ಬಂದರೆ ಸೋತವನು ಗೆದ್ದವನ ಬಾಗಿಲಿಗೆ ಬಂದಂತೆ. ನೆಪೋಲಿಯನ್ ಆಚೆ ಹೋದರೆ ಅದು ಅವನ ಮರ್ಯಾದೆಗೆ ಕಡಿಮೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ನಡುನೀರು ಆರಿಸಿಕೊಂಡರು.

ತೆಪ್ಪ ಕಟ್ಟಿಸಿದ್ದು ಫ್ರೆಂಚ್ ಫಿರಂಗಿ ದಳದ ಜನರಲ್ ಲಾರಿಬೊಯಿಸಿಯೆರ್. ಡೇರೆಯ ಮೇಲೆ ಅಲೆಕ್ಸಾಂಡರ್‌ನ ಎ, ನೆಪೋಲಿಯನ್‌ನ ಎನ್ ಅಕ್ಷರ ದೊಡ್ಡದಾಗಿ ಬರೆಸಿದ್ದರು. ಪ್ರಶ್ಯಾದ ರಾಜನ ಹೆಸರಿಗೆ ಒಂದಕ್ಷರವೂ ಇರಲಿಲ್ಲ. ಎರಡೂ ದಡದಿಂದ ಒಟ್ಟಿಗೇ ದೋಣಿ ಹೊರಟವು. ನೆಪೋಲಿಯನ್‌ನ ದೋಣಿ ಮೊದಲು ತಲುಪಿತು. ಅವನು ಬೇಗ ಬೇಗ ತೆಪ್ಪ ದಾಟಿ ಹೋಗಿ ಅಲೆಕ್ಸಾಂಡರ್‌ನನ್ನು ಎದುರುಗೊಂಡ. ಅಂದರೆ ಸಮಾನರ ಭೇಟಿಯಲ್ಲೂ ಅವನೇ ಮನೆಯ ಯಜಮಾನ, ಇವನು ಅತಿಥಿ! ನೆಪೋಲಿಯನ್ ಜೊತೆ ಅವನ ಹಿರಿಯ ಸೇನಾಧಿಕಾರಿಗಳಾದ ಮ್ಯೂರಾ, ಬೆರ್ತಿಯೆ, ಬೆಸ್ಸಿಯೆರ್, ದ್ಯುರೋಕ್, ಕೋಲೆಂಕೂರ್ ಇದ್ದರು. ತ್ಸಾರ್ ಜೊತೆ ಅವನ ತಮ್ಮ ಕಾನ್‌ಸ್ಟಾಂಟಿನ್, ಬೆನ್ನಿಗ್‌ಸನ್, ಇನ್ನೂ ಕೆಲವರು. ಅಪ್ಪಿಕೊಂಡದ್ದು ನಿಜ. ಆಮೇಲೆ ಇಬ್ಬರೇ ಡೇರೆಯೊಳಗೆ ಹೋದರು. ಒಳಗೆ ಏನು ಮಾತಾಡಿದರು ಅನ್ನೋದಕ್ಕೆ ಸಾಕ್ಷಿ ಇಲ್ಲ. ಇಂಗ್ಲಿಷರನ್ನು ಬೈದುಕೊಂಡೇ ಮಾತು ಶುರುವಾಯಿತು ಅನ್ನೋ ಕಥೆ ಎಲ್ಲ ಕಡೆ ಸಿಗುತ್ತದೆ, ನಾನಂತೂ ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳುತ್ತೇನೆ.

ಕಾಲುದಾರಿ:

ಗಡಿಗೆರೆ ಅವರು ಎಲ್ಲ ಚೆನ್ನಾಗಿ ಹೇಳಿದ್ದಾರೆ, ಆದರೆ ಮುಖ್ಯ ವಿಷಯ ಒಂದು ಬಿಟ್ಟಿದ್ದಾರೆ. ನೇಮನ್ ಎರಡು ದೇಶದ ಗಡಿ, ಅದಕ್ಕೇ ನಡುವೆ ಭೇಟಿ ಆಯಿತು ಅಂತ ತುಂಬಾ ಕಡೆ ಬರೀತಾರೆ. ಟಿಲ್ಸಿಟ್ ಹತ್ತಿರ ಅದು ಗಡಿ ಆಗಿರಲೇ ಇಲ್ಲ. ಟಿಲ್ಸಿಟ್ ಇದ್ದ ಎಡದಡ ಪ್ರಶ್ಯಾದ್ದು, ಎದುರಿನ ಬಲದಡವೂ ಪ್ರಶ್ಯಾದ್ದೇ. ರಷ್ಯಾದ ಗಡಿ ಇನ್ನೂ ಆಚೆ, ತೌರೊಗೆನ್ ಕಡೆಗಿತ್ತು. ಅಂದರೆ ಇಬ್ಬರು ಪರದೇಶದ ದೊರೆಗಳು ಮೂರನೆಯವನ ನೆಲದಲ್ಲಿ, ಅವನದೇ ನದಿಯಲ್ಲಿ ತೆಪ್ಪ ಕಟ್ಟಿ, ಅವನದೇ ದೇಶ ಹಂಚಿಕೊಳ್ಳೋ ಮಾತಿಗೆ ಕೂತರು, ಅವನನ್ನು ಮಾತ್ರ ಕರೆಯಲಿಲ್ಲ.

ಹಳೇಪುಟ ಅವರೇ, ರಾಜ ಎಲ್ಲಿ ಅಂತ ಕೇಳಿದ್ರಲ್ಲ. ದಡದಲ್ಲಿದ್ದ. ರಷ್ಯನ್ ಅಧಿಕಾರಿಗಳ ನಡುವೆ, ರಷ್ಯನ್ ಮೇಲಂಗಿ ಹೊದ್ದು, ಮಳೆಯಲ್ಲಿ ತೆಪ್ಪದ ಕಡೆ ನೋಡುತ್ತಾ ನಿಂತಿದ್ದ ಅಂತ ಹೇಳುತ್ತಾರೆ. ಮಾರನೇ ದಿನ, 26ರಂದು, ತೆಪ್ಪದ ಮೇಲೆ ಎರಡನೇ ಭೇಟಿ ಆಯಿತು. ಆಗ ಅವನನ್ನೂ ಕರೆದುಕೊಂಡು ಹೋದರು. ನೆಪೋಲಿಯನ್ ಸರಿಯಾಗಿ ಮಾತೂ ಆಡಲಿಲ್ಲ. ಆ ಎರಡನೇ ದಿನದ ಚಿತ್ರ ಯಾರಾದರೂ ನೋಡಿದ್ದೀರಾ? ಎಲ್ಲರೂ ಮೊದಲ ದಿನದ ಅಪ್ಪುಗೆಯನ್ನೇ ಅಚ್ಚು ಹಾಕಿದರು.

ಆಮೇಲೆ ಕಾಗದದಲ್ಲಿ ಏನಾಯ್ತು ನೋಡಿ. ಎಲ್ಬ್ ನದಿಯ ಪಶ್ಚಿಮಕ್ಕಿದ್ದ ಪ್ರಶ್ಯಾದ ಪ್ರದೇಶವೆಲ್ಲ ಹೋಯಿತು. ಅದರಲ್ಲಿ ದೊಡ್ಡ ಭಾಗ ನೆಪೋಲಿಯನ್‌ನ ತಮ್ಮ ಜೆರೋಮ್‌ಗಾಗಿ ಮಾಡಿದ ವೆಸ್ಟ್‌ಫಾಲಿಯಾ ರಾಜ್ಯಕ್ಕೆ ಸೇರಿತು. ಪೋಲೆಂಡನ್ನು ಹಂಚಿಕೊಂಡಾಗ ಪ್ರಶ್ಯಾ ನುಂಗಿದ್ದ ನೆಲದಲ್ಲಿ ಹೆಚ್ಚಿನದು ವಾರ್ಸಾ ಡಚಿ ಅನ್ನೋ ಹೊಸ ಪುಟ್ಟ ರಾಜ್ಯ ಆಯಿತು, ಅದನ್ನು ಸ್ಯಾಕ್ಸನಿ ರಾಜನ ಕೈಗೆ ಕೊಟ್ಟರು. ಡಾನ್‌ಜಿಗ್ ಸ್ವತಂತ್ರ ನಗರ ಅಂತ ಹೆಸರಾಯಿತು, ಒಳಗೆ ಫ್ರೆಂಚ್ ಸೈನ್ಯ. ಬಿಯಾಲಿಸ್ಟಾಕ್ ಪ್ರದೇಶ ರಷ್ಯಾಕ್ಕೆ. ಇದನ್ನು ಎರಡು ಸಲ ಓದಿ: ಪ್ರಶ್ಯಾದ ಗೆಳೆಯ, ಅದೇ ಪಕ್ಷದಲ್ಲಿ ಯುದ್ಧ ಮಾಡಿದ ರಷ್ಯಾ, ಪ್ರಶ್ಯಾದ ನೆಲವನ್ನೇ ಬಹುಮಾನವಾಗಿ ತಗೊಂಡಿತು. ಫ್ರೀಡ್‌ಲ್ಯಾಂಡ್‌ನಲ್ಲಿ ಸೋತದ್ದು ರಷ್ಯಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಟ್ಟು ಲೆಕ್ಕದಲ್ಲಿ ಪ್ರಶ್ಯಾ ತನ್ನ ನೆಲದಲ್ಲೂ ಜನರಲ್ಲೂ ಸುಮಾರು ಅರ್ಧ ಕಳೆದುಕೊಂಡಿತು.

ನನಗೆ ಎಲ್ಲಕ್ಕಿಂತ ಚುಚ್ಚುವುದು 7 ಜುಲೈ ಒಪ್ಪಂದದ ನಾಲ್ಕನೇ ವಿಧಿ. ಪ್ರಶ್ಯಾದ ರಾಜನಿಗೆ ಉಳಿದ ನೆಲವನ್ನು ವಾಪಸ್ ಕೊಡುತ್ತಿರುವುದು ರಷ್ಯಾದ ಚಕ್ರವರ್ತಿಯ ಮೇಲಿನ ಗೌರವದಿಂದ ಅಂತ ಅದರಲ್ಲಿ ಬರೆದಿದೆ. ರಾಜನ ಹಕ್ಕು ಅಂತಲ್ಲ, ಗೆಳೆಯನ ಮುಖ ನೋಡಿ ಕೊಟ್ಟ ಭಿಕ್ಷೆ ಅಂತ ಲೋಕಕ್ಕೆಲ್ಲ ಸಾರಿದ ಹಾಗೆ. ಆ ಚಿತ್ರ ನೋಡಿ ಎಂಥ ಶಾಂತಿ ಅನ್ನೋರು ಈ ವಿಧಿ ಓದಬೇಕು.

ಮಸಿ_ತಾಮ್ರ:

ರಾಜಕೀಯ ನೀವು ಮಾತಾಡಿಕೊಳ್ಳಿ, ನಾನು ಚಿತ್ರದ ಪ್ರಶ್ನೆಗೆ ಬರ್ತೀನಿ. ಅಚ್ಚಿನ ಚಿತ್ರಗಳ ಕೆಲಸ ಸ್ವಲ್ಪ ಗೊತ್ತು.

ಮೊದಲು ಚಿತ್ರದ ಅಂಚಿನ ಕೆಳಗೆ, ಎಡ ಮತ್ತು ಬಲ ಮೂಲೆಯಲ್ಲಿ ತೀರಾ ಸಣ್ಣ ಅಕ್ಷರ ಇದೆಯಾ ನೋಡಿ. ಸಾಮಾನ್ಯವಾಗಿ ಎಡಕ್ಕೆ ಚಿತ್ರ ಬರೆದವನ ಹೆಸರು, ಬಲಕ್ಕೆ ತಗಡಿನ ಮೇಲೆ ಕೆತ್ತಿದವನ ಹೆಸರು ಇರುತ್ತದೆ. ಇಬ್ಬರೂ ಬೇರೆ ಬೇರೆ ಕಸುಬಿನವರು. ಕೆತ್ತುವವನು ಟಿಲ್ಸಿಟ್ ನೋಡಿರಬೇಕಾಗಿಲ್ಲ, ಬರೆದವನೂ ಎಷ್ಟೋ ಸಲ ನೋಡಿರೋದಿಲ್ಲ. ಸೈನ್ಯದ ಸುದ್ದಿ ಪತ್ರಿಕೆ, ಅಂದರೆ ನೆಪೋಲಿಯನ್‌ನೇ ಮೇಲೆ ನಿಂತು ಬರೆಸುತ್ತಿದ್ದ ಬುಲೆಟಿನ್‌ಗಳು, ಪ್ಯಾರಿಸ್‌ಗೆ ಬರುತ್ತಿದ್ದವು. ಅದನ್ನು ಓದಿ ಕೂತಲ್ಲೇ ನದಿ, ತೆಪ್ಪ, ಡೇರೆ ಕಲ್ಪಿಸಿಕೊಳ್ಳುವುದು. ಅದಕ್ಕೇ ಒಂದೊಂದು ಚಿತ್ರದಲ್ಲಿ ಒಂದೊಂದು ಥರದ ಡೇರೆ. ಒಂದರಲ್ಲಿ ಗುಡಿಯ ಹಾಗೆ ಕಂಬ, ಇನ್ನೊಂದರಲ್ಲಿ ಬರೀ ಪರದೆ. ನದಿಯ ಅಗಲವೂ ಅವರವರ ಇಷ್ಟ.

ಕಾಲ ತಿಳಿಯಲು ಕೆಲವು ಗುರುತು. ಮಾಮೂಲಿ ಭೂತಗನ್ನಡಿ ಹಿಡಿದು ನೋಡಿ, ಅಥವಾ ಸ್ಕ್ಯಾನ್ ಚೆನ್ನಾಗಿದ್ದರೆ ಪೂರ್ತಿ ದೊಡ್ಡದು ಮಾಡಿ. ಕೆತ್ತಿದ ಗೆರೆ ಶುರುವಿನಲ್ಲಿ ಸಣ್ಣಗಿದ್ದು, ನಡುವೆ ಉಬ್ಬಿ, ಕೊನೆಗೆ ಮತ್ತೆ ಸೂಜಿಮೊನೆಯಂತಾಗುತ್ತದೆ. ಉಳಿ ಒತ್ತುವ ಕೈಯ ಭಾರ ಅಲ್ಲೇ ಕಾಣುತ್ತದೆ. ಗೆರೆಯ ಬದಲು ಸಾಲಾಗಿ ಜೋಡಿಸಿಟ್ಟಂಥ ಚುಕ್ಕಿಗಳು ಕಂಡರೆ ಅದು ಫೋಟೋದಿಂದ ಮಾಡಿದ ಅಚ್ಚು, 19ನೇ ಶತಮಾನದ ಕೊನೆಯ ದಶಕಗಳದ್ದು ಅಥವಾ ಇನ್ನೂ ಈಚಿನದು. ಬಳಪದಿಂದ ಉಜ್ಜಿದ ಹಾಗೆ ಮೆತ್ತನೆಯ ನೆರಳಿದ್ದರೆ ಕಲ್ಲಚ್ಚು, ಅಂದರೆ ಲಿಥೋಗ್ರಾಫ್. ಕಲ್ಲಚ್ಚು 1807ಕ್ಕೆ ಇನ್ನೂ ಹೊಸ ವಿದ್ಯೆ, ಪ್ಯಾರಿಸ್‌ನಲ್ಲಿ ಅದರ ಹಾವಳಿ ಶುರುವಾಗಿದ್ದು ನೆಪೋಲಿಯನ್ ಬಿದ್ದ ಮೇಲೆ. ಗೆರೆಗಳು ತೀರಾ ನಯ, ಆಕಾಶ ಪೂರ್ತಿ ಯಂತ್ರದಲ್ಲಿ ಎಳೆದ ಹಾಗೆ ಸಮ ಇದ್ದರೆ ಉಕ್ಕಿನ ತಗಡು ಅಂತ ಅನುಮಾನ ಪಡಿ, ಅದು ಚಾಲ್ತಿಗೆ ಬಂದಿದ್ದು 1820ರ ನಂತರ. ತಾಮ್ರ ಮೆತ್ತನೆಯ ಲೋಹ. ಪ್ರತಿ ಒತ್ತಿದ ಹಾಗೆಲ್ಲ ಗೆರೆ ಸವೆಯುತ್ತದೆ, ಹಾಗಾಗಿ ನೆರಳಿನ ಜಾಗ ಮಂಕಾಗಿದ್ದರೆ ಅದು ಕೊನೆ ಕೊನೆಯ ಪ್ರತಿ.

ಇನ್ನೊಂದು ಒಳ್ಳೆಯ ಗುರುತು ಇದೆ. ಕೆಳಗೆ ಇಂಪೀರಿಯಲ್ ಗ್ರಂಥಾಲಯಕ್ಕೆ ಒಂದು ಪ್ರತಿ ಒಪ್ಪಿಸಿದೆ ಅಂತ ಫ್ರೆಂಚ್‌ನಲ್ಲಿ ಸಾಲಿದ್ದರೆ, ಆ ಹೆಸರು ಚಾಲ್ತಿಯಲ್ಲಿದ್ದದ್ದು 1804ರಿಂದ 1814ರವರೆಗೆ. ನೆಪೋಲಿಯನ್ ಬಿದ್ದು ಫ್ರಾನ್ಸಿನ ಹಳೆಯ ರಾಜವಂಶ ವಾಪಸ್ ಬಂದಮೇಲೆ ಅದು ರಾಯಲ್ ಆಯಿತು. 1852ರ ನಂತರ ಮತ್ತೆ ಇಂಪೀರಿಯಲ್ ಆದದ್ದೂ ಉಂಟು, ಆದರೆ ಆ ಕಾಲದ ಕೆಲಸ ನೋಡಿದ ಕೂಡಲೇ ಬೇರೆ ಅಂತ ಗೊತ್ತಾಗುತ್ತದೆ.

ಕತ್ತಿ ಯಾವ ಕಡೆ ಇದೆ ಅದೂ ನೋಡಿ ಹೇಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಹಳೇಪುಟ:

ಅಬ್ಬಾ, ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ಗೆರೆಗಳು ನೀವು ಹೇಳಿದ ಹಾಗೇ ಇವೆ, ನಡುವೆ ಉಬ್ಬಿ ಕೊನೆಗೆ ಸಣ್ಣಗಾಗುತ್ತವೆ. ನೀರಿನ ಭಾಗದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮೂಲೆಗಳಲ್ಲಿ ಹೆಸರಿಲ್ಲ. ಗ್ರಂಥಾಲಯದ ಸಾಲೂ ಇಲ್ಲ, ಬರೀ ಶೀರ್ಷಿಕೆ. ಕತ್ತಿ... ಈಗ ನೋಡಿದೆ. ತೆಪ್ಪದ ಮೇಲಿನ ಅಧಿಕಾರಿಗಳಲ್ಲಿ ಕಾಣುವಷ್ಟು ಜನರಿಗೆ ಬಲ ಸೊಂಟದಲ್ಲಿದೆ. ಎಲ್ಲರೂ ಎಡಗೈಯವರಾ?

ಇನ್ನೊಂದು, ಒಪ್ಪಂದಕ್ಕೂ 25 ಜೂನ್ ಅಂತ ಕೆಲವು ಕಡೆ ಇರೋದು ಯಾಕೆ ಅಂತ ಇನ್ನೂ ಬಗೆಹರಿಯಲಿಲ್ಲ.

ಸುಮ್ನೆ_ಓದುಗ:

ದಿನಾಂಕದ್ದು ನಾನು ಹೇಳ್ತೀನಿ. ರಷ್ಯಾ ಆಗ ಹಳೇ ಜೂಲಿಯನ್ ಪಂಚಾಂಗದಲ್ಲಿತ್ತು, 1918ರವರೆಗೂ ಹಾಗೇ ಇತ್ತು. 19ನೇ ಶತಮಾನದಲ್ಲಿ ಅದಕ್ಕೂ ಫ್ರೆಂಚರು ಬಳಸುತ್ತಿದ್ದ ಗ್ರೆಗೋರಿಯನ್ ಪಂಚಾಂಗಕ್ಕೂ 12 ದಿನದ ವ್ಯತ್ಯಾಸ. 7 ಜುಲೈಯಿಂದ 12 ಕಳೆಯಿರಿ: 25 ಜೂನ್! ಅಂದರೆ ಒಪ್ಪಂದಕ್ಕೆ ಸಹಿ ಬಿದ್ದ ದಿನ ರಷ್ಯನ್ನರ ಲೆಕ್ಕದಲ್ಲಿ 25 ಜೂನ್, ತೆಪ್ಪದ ಭೇಟಿ ಆದ ದಿನ ಫ್ರೆಂಚರ ಲೆಕ್ಕದಲ್ಲಿ 25 ಜೂನ್. ಒಂದೇ ತಾರೀಖು, ಎರಡು ಬೇರೆ ದಿನ. ತೆಪ್ಪದ ಭೇಟಿ ರಷ್ಯನ್ ದಾಖಲೆಯಲ್ಲಿ 13 ಜೂನ್ ಆಗಿರುತ್ತದೆ. ಇದನ್ನು ಗಮನಿಸದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಹೊಡೆದವರು ಸಹಿಯನ್ನು ತೆಪ್ಪದ ಮೇಲೆ ತಂದು ಕೂರಿಸಿದರು ಅನ್ಸುತ್ತೆ. ಚಿತ್ರ ಬೇರೆ ಹಾಗೇ ಇದೆಯಲ್ಲ, ನಂಬೋದು ಸುಲಭ.

ಹಾಗೇ ಇನ್ನೊಂದು. ಪುರುಷರ ಚಿತ್ರಗಳ ನಡುವೆ ಲೂಯಿಸಾ ರಾಣಿಯನ್ನು ಯಾರೂ ನೆನೆಸಲಿಲ್ಲವಲ್ಲ. ಪ್ರಶ್ಯಾದ ರಾಜನಿಂದ ಏನೂ ಗಿಟ್ಟದೆ ಇದ್ದಾಗ ಅವನ ಹೆಂಡತಿಯನ್ನು ಕರೆಸಿದರು. 6 ಜುಲೈಗೆ ಅವಳು ಟಿಲ್ಸಿಟ್‌ಗೆ ಬಂದು ನೆಪೋಲಿಯನ್‌ನನ್ನು ಕಂಡಳು. ಅವನು ಯುದ್ಧದ ಉದ್ದಕ್ಕೂ ಬುಲೆಟಿನ್‌ಗಳಲ್ಲಿ ಅವಳ ಮಾನ ಹರಾಜು ಹಾಕಿದ್ದ. ಅಂಥವನ ಮುಂದೆ ಹೋಗಿ ಮಾಗ್ಡೆಬುರ್ಗ್ ಕೋಟೆಯನ್ನಾದರೂ ಬಿಟ್ಟುಕೊಡಿ ಅಂತ ಕೇಳಬೇಕಾಯಿತು. ಸಿಗಲಿಲ್ಲ. ರಾಣಿ ನಿಜಕ್ಕೂ ಚೆಲುವೆ, ಆದರೆ ಅವಳ ಮಾತೆಲ್ಲ ಮೇಣ ಬಳಿದ ಬಟ್ಟೆಯ ಮೇಲೆ ಬಿದ್ದಂತೆ ನನ್ನ ಮೇಲಿಂದ ಜಾರಿಹೋಯಿತು, ನೀನು ಹೊಟ್ಟೆಕಿಚ್ಚು ಪಡಬೇಡ ಅನ್ನೋ ಅರ್ಥದಲ್ಲಿ ಅವನು ಹೆಂಡತಿ ಜೋಸೆಫಿನ್‌ಗೆ ಕಾಗದ ಬರೆದ. ಮೂರು ವರ್ಷಕ್ಕೆ, 1810ರಲ್ಲಿ, ರಾಣಿ ತೀರಿಕೊಂಡಳು, ಆಗ ವಯಸ್ಸು 34. ಆಮೇಲೆ ಜರ್ಮನ್ನರು ಅವಳನ್ನು ಹೆಚ್ಚೂ ಕಡಿಮೆ ದೇವತೆಯನ್ನೇ ಮಾಡಿಬಿಟ್ಟರು. ಟಿಲ್ಸಿಟ್‌ನಲ್ಲಿ ನೇಮನ್ ಮೇಲೆ ಸೇತುವೆ ಕಟ್ಟಿ 1907ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಅವಳ ಹೆಸರಿಟ್ಟರು. ಈಗ ಆ ಊರು ರಷ್ಯಾದ ಕಲಿನಿನ್‌ಗ್ರಾಡ್ ಪ್ರಾಂತ್ಯದ ಸೊವೆಟ್‌ಸ್ಕ್, ಎದುರು ದಡ ಲಿಥುವೇನಿಯಾ. ಎರಡನೇ ಮಹಾಯುದ್ಧದಲ್ಲಿ ಸೇತುವೆ ಹಾಳಾಗಿ ಮತ್ತೆ ಕಟ್ಟಿದ್ದಾರೆ, ಹಳೆಯ ಹೆಬ್ಬಾಗಿಲು ಮಾತ್ರ ಉಳಿದಿದೆ. ಆಗ ಅಲ್ಲಿ ಇಲ್ಲದಿದ್ದ ಗಡಿ ಈಗ ಇದೆ.

ಗಡಿಗೆರೆ:

ಕಾಲುದಾರಿ ಅವರು ಎರಡೂ ದಡದ ವಿಷಯ ಹೇಳಿದ್ದು ಸರಿಯಾಗಿದೆ. ಆದರೆ ಪ್ರಶ್ಯಾದ ಕಣ್ಣೀರನ್ನೇ ಜಾಸ್ತಿ ಒರೆಸುತ್ತಿದ್ದೀರಿ ಅಂತ ನನಗನ್ನಿಸುತ್ತದೆ. ಅದು ಕಳೆದುಕೊಂಡ ಪೋಲೆಂಡಿನ ನೆಲ ಅದರದ್ದೇ ಆಗಿತ್ತಾ? 1793 ಮತ್ತು 1795ರ ಹಂಚಿಕೆಯಲ್ಲಿ ಪ್ರಶ್ಯಾ, ರಷ್ಯಾ, ಮತ್ತೆ 1795ರಲ್ಲಿ ಆಸ್ಟ್ರಿಯಾ ಕೂಡ, ಕೂತು ಒಂದು ದೇಶವನ್ನೇ ನಕ್ಷೆಯಿಂದ ಅಳಿಸಿದ್ದವು. ಆಗ ಪೋಲೆಂಡಿನ ರಾಜನನ್ನು ಯಾರು ಕರೆದು ಕೂರಿಸಿದ್ದರು? ಟಿಲ್ಸಿಟ್‌ನಲ್ಲಿ ಪ್ರಶ್ಯಾಕ್ಕೆ ಆದದ್ದು ಪ್ರಶ್ಯಾ ಬೇರೆಯವರಿಗೆ ಮಾಡಿದ್ದೇ.

ಕಾಲುದಾರಿ:

ಅದು ಒಪ್ಪೋಣ. ಪೋಲಿಷರಿಗೆ ಟಿಲ್ಸಿಟ್ ಹಬ್ಬವೇ, ಪೂರ್ತಿ ದೇಶ ಸಿಗದಿದ್ದರೂ. ನಾನು ಪ್ರಶ್ಯಾದವರು ಒಳ್ಳೆಯವರು ಅನ್ನುತ್ತಿಲ್ಲ. ಗೆಳೆಯರಿಬ್ಬರು ರಾಜಿ ಆದರು ಅನ್ನೋ ಹಾಗೆ ಆ ಕೆತ್ತನೆ ತೋರಿಸುತ್ತದೆ, ರಾಜಿಯ ಖರ್ಚು ಕೊಟ್ಟವನು ಚೌಕಟ್ಟಿನ ಹೊರಗಿದ್ದಾನೆ, ಅದನ್ನು ಹೇಳುತ್ತಿದ್ದೇನೆ ಅಷ್ಟೇ.

ಖರ್ಚು ಅಂದರೆ ಲೆಕ್ಕದ ಖರ್ಚೇ. 12 ಜುಲೈಗೆ ಕೊನಿಗ್ಸ್‌ಬರ್ಗ್‌ನಲ್ಲಿ ಇನ್ನೊಂದು ಕರಾರಾಯಿತು. ಪ್ರಶ್ಯಾದ ಪರವಾಗಿ ಮಾರ್ಷಲ್ ಕಾಲ್ಕ್‌ರಾಯ್ಟ್ ಸಹಿ ಹಾಕಿದ. ಯುದ್ಧದ ದಂಡ ಕೊಟ್ಟು ಮುಗಿಸಿದ ಮೇಲೆ ಫ್ರೆಂಚ್ ಸೈನ್ಯ ಹೊರಟು ಹೋಗುತ್ತದೆ ಅಂತ ಅದರಲ್ಲಿತ್ತು. ದಂಡ ಎಷ್ಟು ಅಂತ ಇರಲಿಲ್ಲ! ಮೊತ್ತ ಖಾಲಿ ಬಿಟ್ಟ ಕಾಗದಕ್ಕೆ ಆ ಮಹಾನುಭಾವ ಸಹಿ ಮಾಡಿಬಂದ. ಇನ್ನೇನು, ಫ್ರೆಂಚರು ಒಂದು ವರ್ಷಕ್ಕೂ ಜಾಸ್ತಿ ಅಲ್ಲೇ ಕೂತು ಉಂಡರು. 1808ರ ಸೆಪ್ಟೆಂಬರ್‌ನಲ್ಲಿ ಮೊತ್ತ 14 ಕೋಟಿ ಫ್ರಾಂಕ್ ಅಂತ ನಿಗದಿ ಆಯಿತು, ಜೊತೆಗೆ ಪ್ರಶ್ಯಾ 42,000ಕ್ಕಿಂತ ಜಾಸ್ತಿ ಸೈನಿಕರನ್ನು ಇಟ್ಟುಕೊಳ್ಳಬಾರದು ಅಂತ ಕಟ್ಟು. ಸ್ಟೆಟಿನ್, ಕ್ಯುಸ್ಟ್ರಿನ್, ಗ್ಲೊಗಾವ್ ಕೋಟೆಗಳು ಫ್ರೆಂಚರ ಕೈಯಲ್ಲೇ ಉಳಿದವು.

ತಮಾಷೆ ಅಂದರೆ ಈ ಅವಮಾನದಿಂದಲೇ ಅಲ್ಲಿ ಸುಧಾರಣೆ ಶುರುವಾಯಿತು. 1807ರ ಅಕ್ಟೋಬರ್‌ನಲ್ಲೇ ಸ್ಟೈನ್ ಮಂತ್ರಿಯಾಗಿ ಬಂದು ರೈತರ ಜೀತ ತೆಗೆಯುವ ಆಜ್ಞೆ ಹೊರಡಿಸಿದ. ಸೈನ್ಯವನ್ನು ಷಾರ್ನ್‌ಹೋರ್ಸ್ಟ್ ಹೊಸದಾಗಿ ಕಟ್ಟಿದ.

ಸುಮ್ನೆ_ಓದುಗ:

ಇಂಗ್ಲೆಂಡನ್ನು ಮರೆತಿರಿ. ಒಪ್ಪಂದದ ಗುಟ್ಟಿನ ಭಾಗದಲ್ಲಿ ದೊಡ್ಡ ಪಾಲು ಅವರ ಮೇಲೇ ಇತ್ತು. ಮೊದಲು ರಷ್ಯಾ ನಡುವೆ ನಿಂತು ಇಂಗ್ಲೆಂಡಿಗೂ ಫ್ರಾನ್ಸಿಗೂ ರಾಜಿ ಮಾಡಿಸುವುದು, ಇಂಗ್ಲೆಂಡ್ ಒಪ್ಪದಿದ್ದರೆ ರಷ್ಯಾ ಕೂಡ ಅದರ ಜೊತೆ ವ್ಯಾಪಾರ ನಿಲ್ಲಿಸಿ ಯುದ್ಧಕ್ಕೆ ಇಳಿಯುವುದು. ಡೆನ್ಮಾರ್ಕಿನ ನೌಕಾಪಡೆ ಫ್ರೆಂಚರ ಕೈ ಸೇರುತ್ತದೆ ಅಂತ ಹೆದರಿದ ಲಂಡನ್ ಸರಕಾರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆ ಸುರಿಸಿ ಹಡಗುಗಳನ್ನು ಎಳೆದುಕೊಂಡು ಹೋಯಿತು. ತಟಸ್ಥವಾಗಿದ್ದ ಊರು, ಪಾಪ. ಟಿಲ್ಸಿಟ್‌ನ ಶಾಂತಿಗೆ ಎರಡು ತಿಂಗಳಲ್ಲೇ ಬಂದ ಫಲ ಇದು. ಆಮೇಲೆ 1808ರಲ್ಲಿ ರಷ್ಯಾ ಸ್ವೀಡನ್ ಮೇಲೆ ಬಿದ್ದು ಮಾರನೇ ವರ್ಷ ಫಿನ್‌ಲ್ಯಾಂಡ್ ಕಿತ್ತುಕೊಂಡಿತು.

ಅಪ್ಪಿಕೊಂಡ ಇಬ್ಬರ ಕಥೆಯೂ ಜಾಸ್ತಿ ದಿನ ನಡೆಯಲಿಲ್ಲ. ಇಂಗ್ಲೆಂಡ್ ಜೊತೆ ವ್ಯಾಪಾರ ನಿಲ್ಲಿಸಿದ್ದರಿಂದ ರಷ್ಯಾದ ಜಮೀನ್ದಾರರ ನಾರು, ಮರ, ಕೊಬ್ಬು ಕೊಳ್ಳುವವರಿಲ್ಲದೆ ಕೂತವು. 1810ರ ಕೊನೆಗೆ ಅಲೆಕ್ಸಾಂಡರ್ ತಟಸ್ಥ ದೇಶಗಳ ಹಡಗಿಗೆ ಬಂದರು ತೆರೆದು ಫ್ರೆಂಚ್ ಸಾಮಾನಿನ ಮೇಲೆ ತೆರಿಗೆ ಹಾಕಿದ. 24 ಜೂನ್ 1812ಕ್ಕೆ ನೆಪೋಲಿಯನ್ ಅದೇ ನೇಮನ್ ನದಿಯನ್ನು, ಕೊವ್ನೋ ಹತ್ತಿರ, ಲಕ್ಷಗಟ್ಟಲೆ ಸೈನ್ಯ ಕಟ್ಟಿಕೊಂಡು ದಾಟಿದ.

ಅಂದಹಾಗೆ ಇಂಗ್ಲಿಷರು ಈ ತೆಪ್ಪದ ಮೇಲೆ ವ್ಯಂಗ್ಯಚಿತ್ರ ಕೂಡ ಮಾಡಿದ್ದರು. ಅದರಲ್ಲಿ ನೆಪೋಲಿಯನ್ ತ್ಸಾರ್‌ನನ್ನು ಉಸಿರು ಕಟ್ಟುವ ಹಾಗೆ ಅವುಚಿಕೊಂಡಿದ್ದಾನೆ, ತೆಪ್ಪ ಒಂದು ಕಡೆ ವಾಲಿದೆ, ಪ್ರಶ್ಯಾದ ರಾಜ ನೀರಿಗೆ ಬಿದ್ದಿದ್ದಾನೆ. ಕಾಲುದಾರಿ ಅವರಿಗೆ ಬೇಕಾದ ಚಿತ್ರ ಅದೇ!

ಮಸಿ_ತಾಮ್ರ:

ಹಳೇಪುಟ ಅವರೇ, ಎಡಗೈಯವರಲ್ಲ. ಚಿತ್ರ ತಿರುಗಿದೆ.

ತಗಡಿನ ಮೇಲೆ ಕೆತ್ತಿದ್ದು ಕಾಗದಕ್ಕೆ ಒತ್ತಿದಾಗ ಕನ್ನಡಿಯ ಹಾಗೆ ಎಡಬಲ ಬದಲಾಗುತ್ತದೆ. ಅದಕ್ಕೇ ಕಸುಬುದಾರ ಮೂಲ ಚಿತ್ರವನ್ನು ಮೊದಲು ತಿರುಗಿಸಿಕೊಂಡು ಆಮೇಲೆ ಕೆತ್ತುತ್ತಾನೆ. ಅಕ್ಷರಗಳನ್ನಂತೂ ಉಲ್ಟಾ ಕೆತ್ತಲೇಬೇಕು. ಅಧಿಕಾರಿಗಳು ಕತ್ತಿ ಕಟ್ಟುತ್ತಿದ್ದದ್ದು ಎಡ ಸೊಂಟಕ್ಕೆ, ಬಲಗೈಯಿಂದ ಎಳೆಯಲು. ನಿಮ್ಮ ಚಿತ್ರದಲ್ಲಿ ಎಲ್ಲರಿಗೂ ಬಲಕ್ಕಿದೆ, ಮೂಲೆಯಲ್ಲಿ ಹೆಸರೂ ಇಲ್ಲ. ಎರಡನ್ನೂ ಸೇರಿಸಿ ನೋಡಿದರೆ, ಯಾರೋ ಮಾರಾಟಕ್ಕಿದ್ದ ಅಚ್ಚಿನ ಚಿತ್ರವನ್ನೇ ಮುಂದಿಟ್ಟುಕೊಂಡು ಇದ್ದ ಹಾಗೇ ತಗಡಿಗೆ ಇಳಿಸಿದ ಕಳ್ಳ ಪ್ರತಿ ಅನ್ನೋ ಅನುಮಾನ ಬಲವಾಗುತ್ತದೆ. ಆ ಕಾಲದಲ್ಲಿ ಇದು ಮಾಮೂಲಿ. ಇಂಥ ಸುದ್ದಿ ಚಿತ್ರಕ್ಕೆ ಗಿರಾಕಿಗಳು ಮುಗಿಬೀಳುತ್ತಿದ್ದರು. ತಿರುಗಿಸಿ ಕೆತ್ತಲು ಹೊತ್ತು ಹಿಡಿಯುತ್ತದೆ, ಕಳ್ಳನಿಗೆ ಅಷ್ಟು ತಾಳ್ಮೆ ಎಲ್ಲಿ. ಹಾಗಂತ ಬೆಲೆ ಇಲ್ಲದ್ದು ಅಂತಲ್ಲ, ಬೇಗ ಬೇಗ ಮಾಡಿದ್ದಾದರೆ ಘಟನೆಗೆ ಹತ್ತಿರದ ಕಾಲದ್ದೇ ಇರಬಹುದು.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ದಾರಿ, ಎದೆಯ ಮೇಲಿನ ನಕ್ಷತ್ರ ನೋಡಿ. ಫ್ರಾನ್ಸಿನ ಲೀಜನ್ ಆಫ್ ಆನರ್ ಪದಕ ಆಗಲಿ, ರಷ್ಯಾದ ಸಂತ ಆಂಡ್ರ್ಯೂ ಪದಕ ಆಗಲಿ, ನಕ್ಷತ್ರ ಎಡ ಎದೆಗೆ ಬರಬೇಕು, ಅಡ್ಡಪಟ್ಟಿ ಬಲ ಹೆಗಲಿಂದ ಎಡ ಸೊಂಟಕ್ಕೆ. ನಿಮ್ಮದರಲ್ಲಿ ಇವೂ ಉಲ್ಟಾ ಇದ್ದರೆ ಮುಗೀತು. ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಅಡ್ಡಡ್ಡ ತಿರುಗಿಸಿ, ಆ ತಿರುಗಿಸಿದ ಪ್ರತಿಯನ್ನು ಇಟ್ಟುಕೊಂಡು ಮ್ಯೂಸಿಯಂಗಳ ಸಂಗ್ರಹದಲ್ಲಿ ಮೂಲ ಹುಡುಕಿ. ಈಗಿರುವ ಹಾಗೇ ಹುಡುಕಿದರೆ ಕಣ್ಣೆದುರೇ ಇದ್ದರೂ ಗೊತ್ತಾಗದೆ ಹೋಗಬಹುದು.

ಮತ್ತೆ, ಇದೇ ಥರದ ಬಣ್ಣದ ಚಿತ್ರ ಸಿಕ್ಕಿದರೆ ಪಟ್ಟಿಯ ಬಣ್ಣ ನೋಡಿ. 9 ಜುಲೈಗೆ ಬೀಳ್ಕೊಡುವಾಗ ಇಬ್ಬರೂ ಪದಕ ಅದಲು ಬದಲು ಮಾಡಿಕೊಂಡಿದ್ದರು. ನೆಪೋಲಿಯನ್ ಮೈಮೇಲೆ ಆಂಡ್ರ್ಯೂ ಪದಕದ ನೀಲಿ ಪಟ್ಟಿ, ಅಲೆಕ್ಸಾಂಡರ್ ಮೇಲೆ ಲೀಜನ್‌ನ ಕೆಂಪು ಪಟ್ಟಿ ಇದ್ದರೆ ಅದು ಬೀಳ್ಕೊಡುಗೆಯ ಚಿತ್ರ, ತೆಪ್ಪದ್ದಲ್ಲ.

ಹಳೇಪುಟ:

ನಕ್ಷತ್ರ ಬಲ ಎದೆಯಲ್ಲೇ ಇದೆ! ಪಟ್ಟಿಯೂ ಉಲ್ಟಾ. ಎಷ್ಟು ಹೊತ್ತಿನಿಂದ ನೋಡ್ತಿದ್ದೆ, ಹೊಳೆದಿರಲಿಲ್ಲ. ತಿರುಗಿಸಿ ಹುಡುಕೋಕೆ ಶುರು ಮಾಡಿದ್ದೀನಿ, ಮೂಲ ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಇಲ್ಲೇ ಹಾಕ್ತೀನಿ.